ಭೀಮೆಯ ದಂಡೆಗೆ ಮುಯ್ಯಿ ಪ್ರವಾಸ

ಕಾಫಿ ಮತ್ತು ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳುವುದು ಸಹಜ. ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ. ಅಲ್ಲಿಯದು ಎರೆ ಭೂಮಿ. ತೊಗರಿ, ಬಿಳಿಜೋಳ, ನದಿಯ ಬದಿಯಲ್ಲಿ ಕಬ್ಬು. ಆದರೆ ನಾವು ಈ ಬಾರಿ ಬರೆಯಹೊರಟಿರುವುದು ಬೆಳೆಯ ವಿಷಯವನ್ನಲ್ಲ, ಅತಿಥಿಯ ವಿಷಯವನ್ನು.

2000ದ ನಂತರದ ಕೆಲವು ವರ್ಷಗಳಲ್ಲಿ ಕಾಫಿಯ ಧಾರಣೆ ನೆಲಕಚ್ಚಿದಾಗ ನಮ್ಮಲ್ಲಿ ಹಲವರು ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗಳಿಗೆ ತೆರೆದರು. ಅಂದಿನಿಂದ ಹೋಂಸ್ಟೇ ಎಂಬ ಮಾತು ನಮ್ಮ ಮನೆಮಾತಾಯಿತು. ಅದರಿಂದ ಕೈಗೆ ನಾಲ್ಕು ಕಾಸು ಬಂತೆನ್ನುವುದು ನಿಜ. ಆದರೆ ಸಂಘದ ಸಭೆಗಳಲ್ಲಿ ಇಂದು ಕೇಳಿಬರುವ ದೂರೂ ಅಷ್ಟೇ ನಿಜ: ಶನಿವಾರ ರಾತ್ರಿ ಬರುತ್ತಾರೆ, ಭಾನುವಾರ ಒಂದು ಜಲಪಾತ, ಒಂದು ಗುಡ್ಡ ನೋಡುತ್ತಾರೆ, ಬಾಟಲಿ ಬಿಸಾಡಿ ಹೋಗುತ್ತಾರೆ, ತೋಟದ ಒಳಗೆ ಹತ್ತು ಹೆಜ್ಜೆ ಇಡುವುದಿಲ್ಲ, ಗಿಡದ ಹೆಸರು ಕೇಳುವುದಿಲ್ಲ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಾರುಗಳು ಕಿಕ್ಕಿರಿದು, 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತವು ವಾಹನಗಳ ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಬೇಕಾಯಿತು.

ಈ ದೂರು ನ್ಯಾಯವಾದದ್ದೇ. ಆದರೆ ನಾವು ನಮ್ಮ ಊರು ಬಿಟ್ಟು ಇನ್ನೊಬ್ಬರ ಊರಿಗೆ ಹೋಗುವಾಗ ಹೇಗೆ ಹೋಗುತ್ತೇವೆ? ಮಲೆನಾಡಿನಿಂದ ಕಲಬುರಗಿ ಸೀಮೆಗೆ ಹೋಗುವವರ ದಾರಿ ಬಹುತೇಕ ಒಂದೇ. ಒಂದು ಟೆಂಪೋ ಮಾಡಿಕೊಂಡು ಹೊರಡುವುದು, ಗಾಣಗಾಪುರ, ಅಕ್ಕಲಕೋಟೆ, ಪಂಢರಪುರ ಮೂರನ್ನೂ ಒಂದೂವರೆ ದಿನದಲ್ಲಿ ಮುಗಿಸುವುದು, ರಾತ್ರಿಗೆ ಸೊಲ್ಲಾಪುರದ ಲಾಡ್ಜು, ಮರುದಿನ ವಾಪಸು. ದರ್ಶನವಾಯಿತು, ಪ್ರಸಾದ ಸಿಕ್ಕಿತು. ಆ ಊರಿನ ಪಾಲಿಗೆ ಉಳಿದದ್ದು ಹೂಕಾಯಿಯ ಹಣ, ವಾಹನ ನಿಲ್ಲಿಸಿದ ಬಾಡಿಗೆ. ಅಲ್ಲಿಯ ಹೊಲ, ಅಲ್ಲಿಯ ಮಾತು, ಅಲ್ಲಿಯ ರೊಟ್ಟಿ ಯಾವುದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ನಮ್ಮಲ್ಲಿಗೆ ಬರುವವರು ಮಾಡಬಾರದೆಂದು ನಾವು ಹೇಳುವುದನ್ನೇ ಅಲ್ಲಿ ಮಾಡಿ ಬರುತ್ತೇವೆ.

ಆದ್ದರಿಂದ ನಮ್ಮ ಸಲಹೆ ಇದು: ಈ ಮೂರು ತಾಲ್ಲೂಕುಗಳನ್ನು ಪ್ರವಾಸಿಗಳಾಗಿ ಅಲ್ಲ, ಮುಯ್ಯಾಳುಗಳಾಗಿ ನೋಡಿ ಬರೋಣ. ಮುಯ್ಯಾಳು ಎಂದರೇನೆಂದು ನಮ್ಮ ಹಿರಿಯರಿಗೆ ವಿವರಿಸಬೇಕಿಲ್ಲ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ನಡುವೆ ಹಣವಿಲ್ಲ, ಲೆಕ್ಕ ಮಾತ್ರ ಉಂಟು. ನಾವು ಅವರ ಹಂಗಾಮಿನಲ್ಲಿ ಅವರ ಊರಿಗೆ ಹೋಗುವುದು, ಅವರು ನಮ್ಮ ಹಂಗಾಮಿನಲ್ಲಿ ನಮ್ಮ ತೋಟಕ್ಕೆ ಬರುವುದು. ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ನಮಗೆ ಕಾಣದು.

ನೀರಿನ ಜಾಡು

ನಕ್ಷೆಯನ್ನು ಬಿಡಿಸಿ ನೋಡಿದರೆ ಈ ಮೂರು ತಾಲ್ಲೂಕುಗಳನ್ನು ನೀರೇ ಪೋಣಿಸಿದೆ. ಆಳಂದ ತಾಲ್ಲೂಕಿನಲ್ಲಿ ಅಮರ್ಜಾ ಎಂಬ ಚಿಕ್ಕ ನದಿಯಿದೆ. ಕೋರಳ್ಳಿಯ ಬಳಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಆ ನದಿ ತೆಂಕಣಕ್ಕೆ ಹರಿದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭಕ್ತರು ಮಿಂದು ಬರುವ ಸಂಗಮ ಅದೇ. ಮುಂದೆ ಭೀಮೆಯು ಜೇವರ್ಗಿಯ ಸೀಮೆಗೆ ಸಾಗುತ್ತದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಕಟ್ಟಿಸಂಗಾವಿಯ ಸೇತುವೆಯ ಮೇಲೆ ಆಕೆಯನ್ನು ದಾಟಬೇಕು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, 861 ಕಿ.ಮೀ. ಹರಿದು ಕೃಷ್ಣೆಗೆ ಸೇರುವ ನದಿ ಇದು. ನಮ್ಮ ತುಂಗೆ, ಭದ್ರೆ, ಹೇಮಾವತಿಯರಂತೆ ಇವಳದೂ ಹುಟ್ಟು ಘಟ್ಟದಲ್ಲೇ.

ದೇವಸ್ಥಾನಗಳ ಪಟ್ಟಿ ಹಿಡಿದು ಓಡುವ ಬದಲು ಈ ನೀರಿನ ಹಿಂದೆ ಹೋದರೆ ಊರುಗಳು ಒಂದಕ್ಕೊಂದು ಅರ್ಥ ಹೇಳುತ್ತವೆ. ಮೊದಲ ದಿನ ಆಳಂದ, ಎರಡನೆಯ ದಿನ ಗಾಣಗಾಪುರ, ಮೂರನೆಯ ದಿನ ಭೀಮೆಯ ದಂಡೆಯ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿ ಮತ್ತು ಸೊನ್ನದ ಬ್ಯಾರೇಜು, ನಾಲ್ಕನೆಯ ದಿನ ಜೇವರ್ಗಿ. ಬ್ಯಾರೇಜನ್ನು ನೋಡತಕ್ಕ ಸ್ಥಳವೆಂದು ಯಾವ ಕೈಪಿಡಿಯೂ ಬರೆಯಲಾರದು. ಆದರೆ ಬೆಳೆಗಾರನ ಕಣ್ಣಿಗೆ ಅದು ಗುಡಿಯಷ್ಟೇ ಮುಖ್ಯ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಂದ ನೀರಿಗೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳು ಮುಳುಗಿದವು. 2018 ಮತ್ತು 2019ರಲ್ಲಿ ಕೊಡಗು ಮತ್ತು ಮೂಡಿಗೆರೆಯ ಕಡೆ ಗುಡ್ಡ ಜರಿದುದನ್ನು ಕಂಡ ನಮಗೆ ಅವರ ಕಷ್ಟ ತಿಳಿಯದೆ ಇರದು. ಅವರ ದಂಡೆಯ ಮೇಲೆ ನಿಂತು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವರ ಬಾಯಿಂದಲೇ ಕೇಳಬೇಕು.

ಕೆಂಪು ಬಸ್ಸು ಮತ್ತು ಕಾಲ್ನಡಿಗೆ

ಹಾಸನದಿಂದ ಸೊಲ್ಲಾಪುರಕ್ಕೆ ಹೋಗುವ ಎಕ್ಸ್‌ಪ್ರೆಸ್ ರೈಲು ಕಲಬುರಗಿಯ ಮೇಲೆಯೇ ಸಾಗುತ್ತದೆ. ರಾತ್ರಿಯ ಪ್ರಯಾಣ; ನಮ್ಮ ಸದಸ್ಯರಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ಹಳಿಗಳು ರಾಯಚೂರಿನಲ್ಲಿ ಕೂಡಿದಾಗ ತೆರೆದ ದಾರಿ ಅದು. ಗಾಣಗಾಪುರ ರೋಡ್ ಎಂಬ ನಿಲ್ದಾಣವೂ ಅದೇ ಹಳಿಯ ಮೇಲಿದೆ. ಹೆಸರಿಗೆ ತಕ್ಕಂತೆ ಅದು ರೋಡೇ ಹೊರತು ಊರಲ್ಲ, ಕ್ಷೇತ್ರವು ಅಲ್ಲಿಂದ ಇಪ್ಪತ್ತು ಕಿ.ಮೀ. ಆಸುಪಾಸು ದೂರವಿದೆ.

ಅಲ್ಲಿಂದ ಮುಂದೆ ಟೆಂಪೋ ಬೇಡವೆಂಬುದು ನಮ್ಮ ಅಭಿಪ್ರಾಯ. ಕಲಬುರಗಿಯಿಂದ ಆಳಂದಕ್ಕೂ ಜೇವರ್ಗಿಗೂ ಸುಮಾರು 40 ಕಿ.ಮೀ. ಮಾತ್ರ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ, ಬಸ್ಸು ಹೋಗದ ಕಡೆ ಟಂಟಂ ಗಾಡಿಗಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ. ಆದರೆ ನಾವು ಬಸ್ಸನ್ನು ಹೇಳುವುದು ಕೇವಲ ಉಳಿತಾಯಕ್ಕಾಗಿ ಅಲ್ಲ. ಆಳಂದದ ಬಸ್ಸಿನಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಸೀಟಿನಲ್ಲಿ ಕೂತಿರುತ್ತವೆ. 1948ರವರೆಗೆ ನಿಜಾಮರ ಆಡಳಿತ, 1956ರವರೆಗೆ ಹೈದರಾಬಾದು ರಾಜ್ಯ, ಪಕ್ಕದಲ್ಲೇ ಮಹಾರಾಷ್ಟ್ರದ ಗಡಿ: ಈ ಚರಿತ್ರೆಯನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಬಸ್ಸಿನಲ್ಲಿ ಕೇಳುವುದು ಸುಲಭ. ಪಕ್ಕದವರು ಎಲ್ಲಿಯವರೆಂದು ಕೇಳದೆ ಬಿಡುವುದಿಲ್ಲ. ಕಾಫಿ ಸೀಮೆಯವರೆಂದು ಹೇಳಿದರೆ ಊರು ಬರುವವರೆಗೆ ಮಾತು ನಿಲ್ಲುವುದೂ ಇಲ್ಲ.

ಗಾಣಗಾಪುರದಲ್ಲಂತೂ ಕಾಲ್ನಡಿಗೆಯೇ ಸರಿ. ನೃಸಿಂಹ ಸರಸ್ವತಿಗಳು ನೆಲೆಸಿದ್ದ ಆ ಊರಿನಲ್ಲಿ ನಿರ್ಗುಣ ಪಾದುಕೆಗಳ ಗುಡಿಯಿಂದ ಸಂಗಮಕ್ಕೆ ನಡೆದು, ಔದುಂಬರ ವೃಕ್ಷದ ಕೆಳಗೆ ಕೂತು, ಅಷ್ಟತೀರ್ಥಗಳನ್ನು ಸುತ್ತಿ ಬರಲು ಒಂದು ಪೂರ್ಣ ದಿನ ಬೇಕು. ಬೆಳಿಗ್ಗೆ ಬೇಗ ಹೊರಟರೆ ದಾರಿಯಲ್ಲಿ ಹೊಲಕ್ಕೆ ಹೋಗುವವರ ಜೊತೆ ಸಿಗುತ್ತದೆ. ಆಷಾಢದಲ್ಲಿ ಪಂಢರಪುರಕ್ಕೆ ನೂರಾರು ಕಿ.ಮೀ. ನಡೆಯುವ ವಾರಕರಿಗಳ ನಾಡಿನ ಅಂಚು ಇದು. ಸ್ಪೇನ್ ದೇಶದ ಸಾಂತಿಯಾಗೊ ಕ್ಷೇತ್ರಕ್ಕೂ ಇಂದಿಗೆ ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ವಾರಗಟ್ಟಲೆ ನಡೆಯುತ್ತಾರೆ. ದಾರಿಯ ಹಳ್ಳಿಗಳು ಆ ನಡಿಗೆಯವರಿಗೆ ಊಟ, ಹಾಸಿಗೆ ಕೊಟ್ಟು ಬದುಕುತ್ತವೆ. ಕಾರಿನಲ್ಲಿ ಹಾದುಹೋಗುವವನಿಂದ ಹಳ್ಳಿಗೆ ಬರುವುದು ಧೂಳು ಮಾತ್ರ.

ಐದು ಮನೆಯ ಭಿಕ್ಷೆ

ಗಾಣಗಾಪುರದಲ್ಲಿ ಮಧುಕರಿ ಎಂಬ ಪದ್ಧತಿಯಿದೆ. ದತ್ತಾತ್ರೇಯನು ಮಧ್ಯಾಹ್ನದ ಹೊತ್ತು ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಭಕ್ತರು ತಾವೇ ಕನಿಷ್ಠ ಐದು ಮನೆಗಳ ಮುಂದೆ ನಿಂತು ಅನ್ನ ಬೇಡುತ್ತಾರೆ. ಹಣವಂತನೂ ಬೇಡಬೇಕು, ಅಧಿಕಾರಿಯೂ ಬೇಡಬೇಕು. ನಂಬುವವರು ನಂಬಲಿ, ನಂಬದವರು ಬಿಡಲಿ. ಪರಸ್ಥಳದಿಂದ ಬಂದವನು ಮೊದಲು ಕಲಿಯಬೇಕಾದ ಪಾಠ ಇದರಲ್ಲಿದೆ. ಹೋಟೆಲಿನಲ್ಲಿ ಕೂತು ಆಜ್ಞೆ ಮಾಡುವವನಿಗೂ ಬಾಗಿಲ ಮುಂದೆ ಜೋಳಿಗೆ ಹಿಡಿದು ನಿಂತವನಿಗೂ ಊರು ಕಾಣುವ ರೀತಿಯೇ ಬೇರೆ.

ಅದೇ ಊರಿನಲ್ಲಿ ಇನ್ನೊಂದು ದೃಶ್ಯವೂ ಉಂಟು. ಮನಸ್ಸಿಗೆ ವ್ಯಥೆ ಹತ್ತಿದವರನ್ನು ಮನೆಯವರು ಅಲ್ಲಿಗೆ ಕರೆತರುತ್ತಾರೆ. ಮಂಗಳಾರತಿಯ ಹೊತ್ತಿಗೆ ಕೆಲವರು ಕಿರುಚುತ್ತಾರೆ, ಕಂಬ ಹತ್ತುತ್ತಾರೆ. ಅದನ್ನು ಮೊಬೈಲಿನಲ್ಲಿ ಹಿಡಿಯುವ ಪ್ರವಾಸಿಗಳು ಹೆಚ್ಚುತ್ತಿದ್ದಾರೆ. ಇದು ಕೂಡದು. ಆ ನೋವಿಗೆ ವೈದ್ಯರ ಚಿಕಿತ್ಸೆ ಬೇಕೆಂಬುದು ನಮ್ಮ ದೃಢ ಅಭಿಪ್ರಾಯವಾದರೂ, ಬೇರೆಯವರ ಮನೆಯ ಕಷ್ಟ ನಮ್ಮ ನೋಟದ ಸಾಮಗ್ರಿಯಲ್ಲ. ನಮ್ಮ ಕೂಲಿ ಲೈನುಗಳ ಮುಂದೆ ನಿಂತು ಫೋಟೋ ತೆಗೆಯುವ ಅತಿಥಿಯನ್ನು ನಾವು ಸಹಿಸುತ್ತೇವೆಯೇ?

ಆಳಂದಕ್ಕೂ ಇದೇ ಮಾತು. ಅಲ್ಲಿಯ ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿಯೇ ರಾಘವ ಚೈತನ್ಯರ ಹೆಸರಿನ ಶಿವಲಿಂಗವಿದೆ. ಮರಾಠಿಯ ಸಂತ ತುಕಾರಾಮರ ಗುರುಪರಂಪರೆಯಲ್ಲಿ ಹೇಳಲಾಗುವ ಹೆಸರು ಅದು. ದತ್ತಾತ್ರೇಯ ಪೀಠವೂ ಬಾಬಾಬುಡನರ ಹೆಸರೂ ಒಂದೇ ಗಿರಿಯ ಮೇಲಿರುವ ಸೀಮೆಯ ನಮಗೆ, ಆ ಫಕೀರ ತಂದನೆಂದು ಹೇಳುವ ಬೀಜದಿಂದಲೇ ಅನ್ನ ಉಣ್ಣುವ ನಮಗೆ, ಇದು ಹೊಸದಲ್ಲ. ಈಚಿನ ವರ್ಷಗಳಲ್ಲಿ ಆಳಂದದ ಶಿವರಾತ್ರಿ ಪೂಜೆಯ ವಿಷಯ ನ್ಯಾಯಾಲಯದ ಮೆಟ್ಟಿಲೇರಿದೆ. ಅದೂ ನಮಗೆ ಅಪರಿಚಿತ ಕಥೆಯಲ್ಲ. ಹೋದವರು ಅಲ್ಲಿಯ ಹಿರಿಯರನ್ನು ಕೇಳಿ, ಅವರು ಹೇಳಿದ ಹೊತ್ತಿಗೆ, ಅವರು ಹೇಳಿದ ಬಾಗಿಲಿನಿಂದ ಹೋಗಿ ಕೈಮುಗಿದು ಬರಲಿ. ಅತಿಥಿಯಾದವನು ಮನೆಯವರ ಪಾಲುಪಟ್ಟಿಯಲ್ಲಿ ಸಾಕ್ಷಿ ಹಾಕಬಾರದು.

ಬೆಳೆಯ ಪಂಚಾಂಗ

ಎಲ್ಲಕ್ಕಿಂತ ಮುಖ್ಯವಾದದ್ದು ಹೋಗುವ ಕಾಲ. ಕಲಬುರಗಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 700ರಿಂದ 800 ಮಿ.ಮೀ. ನಮ್ಮಲ್ಲಿ ಜುಲೈ ಒಂದೇ ತಿಂಗಳಿಗೆ ಅಷ್ಟು ಸುರಿಯುವ ಊರುಗಳಿವೆ. ಆ ಅಲ್ಪ ಮಳೆಯ ತೇವವನ್ನು ಎರೆ ಮಣ್ಣು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆ ಬಿತ್ತಿದ ಜೋಳವನ್ನೂ ಕಾಳುಕಟ್ಟಿಸುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆ ಬೆಳೆಯುವುದೂ ಆ ಮಣ್ಣಿನಲ್ಲೇ. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಅದೇ ವರ್ಷ ಆ ಗುರುತು ದೊರೆಯಿತೆಂಬುದನ್ನು ಸದಸ್ಯರು ನೆನೆಯಬಹುದು.

ಅಲ್ಲಿಯ ರೈತನ ದೊಡ್ಡ ಹಬ್ಬ ಎಳ್ಳಮವಾಸ್ಯೆ. ಡಿಸೆಂಬರ್ ಕೊನೆ ಅಥವಾ ಜನವರಿಯ ಆ ದಿನ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಭೂತಾಯಿಗೆ ಪೂಜೆ, ಬೆಳೆಯ ನಡುವೆ ಚರಗ ಚೆಲ್ಲುವುದು, ಆಮೇಲೆ ಹೊಲದಲ್ಲೇ ಪಂಕ್ತಿ: ಸಜ್ಜೆ ರೊಟ್ಟಿ, ಹತ್ತಾರು ಕಾಯಿಪಲ್ಲೆ, ಕಾಳು ಕೂಡಿಸಿ ಮಾಡಿದ ಭಜ್ಜಿ, ಶೇಂಗಾದ ಹೋಳಿಗೆ. ಹೊಲದ ಬದುವಿನಲ್ಲಿ ನಡೆದುಹೋಗುವ ಅಪರಿಚಿತನನ್ನೂ ‘ಬರ್ರೀ, ಊಟಾ ಮಾಡ್ರೀ’ ಎಂದು ಕರೆಯುವುದು ಅಲ್ಲಿಯ ವಾಡಿಕೆ. ನಮಗಿರುವ ತೊಡಕೆಂದರೆ ಆಗ ಅರೇಬಿಕಾ ಕೊಯ್ಲು, ಅಡಿಕೆ ಕೊನೆ ಎರಡೂ ಮೈಮೇಲಿರುತ್ತವೆ. ಮನೆಗೊಬ್ಬರಾದರೂ ಬಿಡುವು ಮಾಡಿಕೊಳ್ಳಲಿ ಎನ್ನಬೇಕು, ಅಷ್ಟೆ. ಆಗದವರಿಗೆ ಸಂಕ್ರಾಂತಿ ಕಳೆದು ಅರೇಬಿಕಾ ಮುಗಿದು, ರೋಬಸ್ಟಾಕ್ಕೆ ಆಳು ಕೂಡುವ ನಡುವೆ ಒಂದು ವಾರ ಸಿಗುತ್ತದೆ. ಆಗ ತೊಗರಿಯ ರಾಶಿ ನಡೆದಿರುತ್ತದೆ. ಜೋಳದ ಎಳೆ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿದ ಸೀತನಿ ತಿನ್ನಲು ಸಿಗುತ್ತದೆ. ಶೇಂಗಾ ಹಿಂಡಿ, ಬೆಲ್ಲದ ಜೊತೆ ಅದರ ರುಚಿ ಯಾವ ಹೋಟೆಲಿಗೂ ದಕ್ಕದು.

ತಿನ್ನುವುದಷ್ಟೇ ಅಲ್ಲ, ಮಾತಾಡಲು ವಿಷಯವೂ ಉಂಟು. 2022ರ ಹಂಗಾಮಿನಲ್ಲಿ ನೆಟೆ ರೋಗದಿಂದ ಅಲ್ಲಿಯ ತೊಗರಿಗೆ ಭಾರಿ ಪೆಟ್ಟು ಬಿತ್ತು. ಅದೇ ಸಮಯಕ್ಕೆ ನಮ್ಮ ಅಡಿಕೆ ತೋಟಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿತ್ತು. ಹಸುರು ಗಿಡ ಕಣ್ಣೆದುರೇ ಒಣಗುವುದನ್ನು ಕಂಡವರಿಬ್ಬರು ಎದುರುಬದುರು ಕೂತರೆ ಪರಿಚಯಪತ್ರ ಬೇಕಾಗದು. ಪರಿಹಾರವನ್ನು ಅಧಿಕಾರಿಗಳಿಂದ ಹೇಗೆ ಪಡೆದಿರಿ, ಬೆಳೆವಿಮೆ ಬಂತೇ, ಧಾರಣೆ ಬಿದ್ದಾಗ ಯಾರು ಹಿಡಿದರು ಎಂಬುದನ್ನು ಅವರಿಂದ ನಾವು, ನಮ್ಮಿಂದ ಅವರು ಕಲಿಯಬಹುದು.

ಜೇವರ್ಗಿ ಸೀಮೆಯ ಅರಳಗುಂಡಗಿಗೆ ಒಮ್ಮೆ ಹೋಗಿ ಬರಬೇಕೆಂದು ನಾವು ಹೇಳುವುದೂ ಇದೇ ಕಾರಣಕ್ಕೆ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ ಊರು ಅದು. ಹೊಲದ ತೆನೆಗೆ ಎರಗಿದ ಹಕ್ಕಿಗಳನ್ನು ಓಡಿಸುವ ಬದಲು ಅವು ತಿಂದ ಮೇಲೆ ಕುಡಿಯಲೆಂದು ನೀರಿಟ್ಟರೆಂಬ ಕಥೆಯನ್ನು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಮಂಗ, ಹಂದಿ, ಆನೆಗಳ ಕಾಟದಲ್ಲಿ ಬೇಸತ್ತ ನಮಗೆ ಈ ಕಥೆ ಪೂರ್ತಿ ಒಪ್ಪಿಗೆಯಾಗಲಾರದು. ಆದರೂ ಅದನ್ನು ಅಲ್ಲಿಯ ಹೊಲದ ಬದುವಿನ ಮೇಲೆ ನಿಂತು ಕೇಳುವುದು ಬೇರೆ. ಅಖಂಡೇಶ್ವರ ಎಂಬ ಅಂಕಿತದಲ್ಲಿ ವಚನ ಬರೆದ ಷಣ್ಮುಖಸ್ವಾಮಿಗಳೂ ಜೇವರ್ಗಿಯವರೇ.

ಕಷ್ಟಗಳೂ ಇವೆ

ಇವನ್ನೆಲ್ಲ ಹೇಳಿ ತೊಂದರೆಗಳನ್ನು ಮುಚ್ಚಿಡುವುದು ಸರಿಯಲ್ಲ. ಮಾರ್ಚಿನಿಂದ ಅಲ್ಲಿಯ ಬಿಸಿಲು ಏರುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮಂಜಿನಲ್ಲಿ ಬೆಳೆದ ನಮ್ಮವರು ಆ ಕಾಲದಲ್ಲಿ ಹೋಗಬಾರದು. ಹುಣ್ಣಿಮೆ, ಅಮಾವಾಸ್ಯೆ, ದತ್ತ ಜಯಂತಿಯ ದಿನಗಳಲ್ಲಿ ಗಾಣಗಾಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಳ್ಳಿಗಳಲ್ಲಿ ತಂಗಲು ಒಳ್ಳೆಯ ವ್ಯವಸ್ಥೆಯಿಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯದ ತೊಂದರೆಯಿದೆ. ಬ್ಯಾರೇಜಿನಿಂದ ನೀರು ಬಿಡುವ ದಿನಗಳಲ್ಲಿ ಭೀಮೆಗೆ ಇಳಿಯುವುದು ಅಪಾಯ.

ಆದರೆ ಇವು ಹೋಗದಿರಲು ಕಾರಣಗಳಲ್ಲ, ವ್ಯವಸ್ಥೆ ಮಾಡಲು ಕಾರಣಗಳು. ನಮ್ಮಲ್ಲಿಯೂ ಮೊದಲ ಅತಿಥಿ ಬರುವ ಮುನ್ನ ಬಚ್ಚಲಿಗೆ ಬಾಗಿಲಿರಲಿಲ್ಲ. ಕೇರಳದ ಕುಮರಕೋಮಿನಲ್ಲಿ 2008ರ ಸುಮಾರಿಗೆ ಹೋಟೆಲುಗಳಿಗೆ ಬೇಕಾದ ತರಕಾರಿ, ಹಾಲುಗಳನ್ನು ಆ ಊರಿನ ಹೆಂಗಸರ ಗುಂಪುಗಳಿಂದಲೇ ಕೊಳ್ಳುವ ಕ್ರಮ ತಂದರು. ಪ್ರವಾಸಿಯ ದುಡ್ಡು ಊರಿನಲ್ಲಿ ಇಳಿಯಲು ಅದು ಕಾರಣವಾಯಿತು. ಮಹಾರಾಷ್ಟ್ರ ಸರ್ಕಾರವು 2020ರಲ್ಲಿ ಕೃಷಿ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಒಪ್ಪಿತು. ಭೀಮೆಯ ದಂಡೆಯ ರೈತ ಮನೆಯಲ್ಲಿ ಎರಡು ಕೋಣೆ ಸಜ್ಜು ಮಾಡುವುದು ಹೇಗೆ, ಲೆಕ್ಕ ಇಡುವುದು ಹೇಗೆ, ಅತಿಥಿಗೆ ಬೇಡವೆಂದು ಹೇಳುವುದು ಹೇಗೆ ಎಂಬುದನ್ನು ಕಲಿಸಬಲ್ಲವರು ನಮ್ಮಲ್ಲೇ ಇದ್ದಾರೆ. ನಾವು ಮುಯ್ಯಿಗೆ ಒಯ್ಯಬಹುದಾದ ಕೆಲಸ ಅದು.

ಸಂಘ ಮಾಡಬೇಕಾದದ್ದು

ಆದ್ದರಿಂದ ನಮ್ಮ ಸಂಘದ ಮುಂದೆ ಈ ಸಲಹೆಗಳನ್ನು ಇಡುತ್ತಿದ್ದೇವೆ. ಒಂದು, ಬರುವ ಜನವರಿಗೆ ಹನ್ನೆರಡು ಜನರ ಒಂದು ತಂಡವನ್ನು ಐದು ದಿನಗಳ ಮಟ್ಟಿಗೆ ಕಳುಹಿಸುವುದು; ಅದರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳಿರಬೇಕು, ಅತಿಥಿಗಳ ಕೆಲಸ ಮಾಡುವವರು ಅವರೇ ಆದ್ದರಿಂದ. ಎರಡು, ಮೂರೂ ತಾಲ್ಲೂಕುಗಳ ಪ್ರಾಥಮಿಕ ಕೃಷಿ ಸಹಕಾರ ಸಂಘಗಳಿಗೆ ಮುಂಚಿತವಾಗಿ ಪತ್ರ ಬರೆದು, ರೈತರ ಮನೆಗಳಲ್ಲಿ ತಂಗಲು ಏರ್ಪಾಡು ಕೇಳುವುದು. ಊಟ, ವಸತಿಯ ಹಣವನ್ನು ಆ ಮನೆಯವರ ಕೈಗೇ ಕೊಡುವುದು. ಮೂರು, ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಸ್ಥಳೀಯ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಸಂಭಾವನೆ ಕೊಟ್ಟು ದಾರಿ ತೋರಲು ಕೋರುವುದು. ನಾಲ್ಕು, ಅವರ ಕಡೆಯಿಂದ ಅಷ್ಟೇ ಜನರನ್ನು ಮಾರ್ಚ್–ಏಪ್ರಿಲ್‌ನಲ್ಲಿ, ಅವರಲ್ಲಿ ಬಿಸಿಲು ಹೊತ್ತಿ ನಮ್ಮಲ್ಲಿ ಕಾಫಿ ಹೂ ಬಿಡುವ ಕಾಲಕ್ಕೆ, ನಮ್ಮ ತೋಟಗಳಿಗೆ ಕರೆಯುವುದು. ಹೋಗುವವರು ಕಾಫಿಪುಡಿ ಒಯ್ಯಲಿ, ಬರುವಾಗ ತೊಗರಿಬೇಳೆ ತರಲಿ. ಮಧ್ಯವರ್ತಿಯಿಲ್ಲದೆ ಎರಡೂ ಸಂಘಗಳ ನಡುವೆ ಒಂದು ಚಿಕ್ಕ ವ್ಯಾಪಾರ ಅಲ್ಲಿಂದಲೇ ಬೆಳೆದರೂ ಬೆಳೆದೀತು.

ಕೊನೆಯದಾಗಿ ಒಂದು ಮಾತು. ಕೊಯ್ಲಿನ ಕಾಲಕ್ಕೆ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಎಷ್ಟೋ ಕುಟುಂಬಗಳು ನಮ್ಮ ತೋಟಗಳಿಗೆ ಬರುತ್ತವೆ. ಅವರ ಕೈಯ ಚುರುಕು ನಮಗೆ ಗೊತ್ತು, ಅವರ ದಿನಗೂಲಿಯೂ ಗೊತ್ತು. ಅವರ ಬಯಲುಸೀಮೆ ಹೇಗಿದೆಯೆಂದು ಕಂಡವರು ನಮ್ಮಲ್ಲಿ ಕಡಿಮೆ. ಅವರು ನಮ್ಮ ಸೀಮೆಗೆ ಬರುವುದು ಹೊಟ್ಟೆಪಾಡಿಗೆ. ನಾವು ಅವರ ಸೀಮೆಗೆ ಅತಿಥಿಗಳಾಗಿಯಾದರೂ ಒಮ್ಮೆ ಹೋಗಿ ಬರದಿದ್ದರೆ ಆ ಲೆಕ್ಕ ಏಕಪಕ್ಷೀಯವಾಗಿಯೇ ಉಳಿಯುತ್ತದೆ. ಪ್ರವಾಸಕ್ಕೆ ಸೇರಲಿಚ್ಛಿಸುವ ಸದಸ್ಯರು ತಮ್ಮ ಹೆಸರನ್ನು ದೀಪಾವಳಿಯ ಒಳಗಾಗಿ ಸಂಘದ ಕಚೇರಿಯಲ್ಲಿ ಬರೆಯಿಸಬೇಕಾಗಿಯೂ, ಈ ಸಲಹೆಗಳನ್ನು ಒಪ್ಪದವರು ತಮ್ಮ ಅಭಿಪ್ರಾಯವನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಿಸಬೇಕಾಗಿಯೂ ಕೋರುತ್ತೇವೆ.